ಎಂತೂ ಆಜಿಲ್ಲೆ

ನಾನು ಅಳಿಸಿದ್ದು ಒಂದೇ ಒಂದು ಸಾಲು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಬೆಂಗಳೂರಿನ ಆಫೀಸು, ಊಟ ಆದ ಮೇಲಿನ ತೂಕಡಿಕೆಯ ಹೊತ್ತು. ನಮ್ಮ ತಂಡದ ಪಾಲಿಗೆ ಬಂದ ಒಂದು ಹಳೇ ಸರ್ವಿಸ್ ಇದೆ, ಅಂದರೆ ಸರ್ವರಿನಲ್ಲಿ ಸದಾ ನಡೆಯುತ್ತಾ ಕೇಳಿದವರಿಗೆ ಉತ್ತರ ಕೊಡುವ ಪ್ರೋಗ್ರಾಮ್. ಅದರ ಕ್ರಾನ್ ಫೈಲ್ ತೆರೆದುಕೊಂಡು ಕೂತಿದ್ದೆ. ಕ್ರಾನ್ ಅಂದರೆ ಇಂಥ ಹೊತ್ತಿಗೆ ಇಂಥ ಕೆಲಸ ಮಾಡು ಅಂತ ಕಂಪ್ಯೂಟರಿಗೆ ಬರೆದಿಟ್ಟ ಚೀಟಿ, ಅಷ್ಟೇ. ಅದರಲ್ಲಿ 0 3 * * 0 ಅಂತ ಶುರುವಾಗುವ ಒಂದು ಸಾಲಿತ್ತು. ಪ್ರತಿ ರವಿವಾರ 3 ಗಂಟೆಗೆ, ಸರ್ವರ್‌ಗಳು ಯುಟಿಸಿ ಅನ್ನೋ ಜಾಗತಿಕ ಗಡಿಯಾರದ ಲೆಕ್ಕದಲ್ಲಿ ನಡೆಯೋದರಿಂದ ನಮ್ಮ ಬೆಳಗಿನ 8:30ಕ್ಕೆ, ಈ ಸರ್ವಿಸನ್ನು ನಿಲ್ಲಿಸಿ ಮತ್ತೆ ಶುರು ಮಾಡು ಅಂತ ಅದರ ಅರ್ಥ. ಯಾಕೆ ಅಂತ ಎಲ್ಲೂ ಬರೆದಿರಲಿಲ್ಲ.

ಆ ವಾರ ನಮ್ಮಲ್ಲಿ ಕೋಡ್ ಸ್ವಚ್ಛ ಮಾಡುವ ಅಭಿಯಾನ. ಬೇಡದ್ದೆಲ್ಲ ತೆಗೀರಿ ಅಂತ ಮೇಲಿನಿಂದ ಬಂದಿತ್ತು, ಯಾರು ಎಷ್ಟು ಸಾಲು ತೆಗೆದರು ಅನ್ನೋ ಪಟ್ಟಿ ಬೇರೆ. ಚೆನ್ನಾಗಿ ನಡೆಯುತ್ತಿರುವ ಸರ್ವಿಸನ್ನು ವಾರಕ್ಕೊಮ್ಮೆ ಸಾಯಿಸಿ ಬದುಕಿಸುವುದು ಯಾಕೆ? ಪ್ರೋಗ್ರಾಮ್ ಬಳಸಿದ ಮೆಮೊರಿಯನ್ನು ಬಿಟ್ಟುಕೊಡದೆ ತುಂಬಿಸುತ್ತಾ ಹೋಗುವ ಯಾವ ಕಾಲದ್ದೋ ಮೆಮೊರಿ ಲೀಕಿಗೆ ಹಾಕಿದ ತೇಪೆ ಇರಬೇಕು ಅಂದುಕೊಂಡೆ. ಬರೆದವರು ಕಂಪನಿ ಬಿಟ್ಟು ಎರಡು ವರ್ಷ ಆಗಿತ್ತು. ಅಳಿಸಿ, ತಂಡದವರು ನೋಡಿ ಒಪ್ಪಲಿ ಅಂತ ರಿವ್ಯೂಗೆ ಕಳಿಸಿದೆ. ಐದು ನಿಮಿಷದಲ್ಲಿ ಇಬ್ಬರು ಒಪ್ಪಿದರು. ಒಬ್ಬರು ಪೊರಕೆಯ ಇಮೋಜಿ ಹಾಕಿದರು. ನನಗೂ ಖುಷಿಯೇ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಮೂರು ತಿಂಗಳು ಏನೂ ಆಗಲಿಲ್ಲ.

ನಮ್ಮನೆ ಇರೋದು ಶಿರಸಿಯಿಂದ ಒಳಗೆ, ಮುಖ್ಯ ರಸ್ತೆ ಬಿಟ್ಟ ಮೇಲೂ ಒಂದಿಷ್ಟು ದೂರ ಗಟಾರದಂಥ ರಸ್ತೆಯಲ್ಲಿ ಇಳಿಯಬೇಕು. ಎರಡು ಗುಡ್ಡದ ನಡುವೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಕೆಳಗೆ ಹಳ್ಳ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದವರಲ್ಲಿ ನಾನೂ ಒಬ್ಬ. ಆಗ ನಮ್ಮ ಕಡೆ ಗುಡ್ಡದ ತಲೆ ಮೇಲೆ, ಬಸ್ ಸ್ಟಾಪಿನಲ್ಲಿ, ಎಲ್ಲೆಲ್ಲೂ ಮೀಟಿಂಗ್ ಮಾಡುವ ಹುಡುಗರೇ. ಈಗ ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅಂತಾಗಿದೆ, ಆದರೂ ಮಳೆಗಾಲದಲ್ಲಿ ಹೇಳಿ ಕೇಳಿ ಮೂರು ವಾರ ಮನೆಯಿಂದ ಕೆಲಸ ಮಾಡುತ್ತೇನೆ. ಫೈಬರ್ ಬಂದಿದೆ. ಇನ್ವರ್ಟರ್ ಇದೆ. ಮೆತ್ತಿನ ಮೇಲೆ ಅಡಿಕೆ ಮೂಟೆಗಳ ಪಕ್ಕ ಒಂದು ಟೇಬಲ್ಲು. ಫೋಟೋ ಹಾಕಿದರೆ ಬೆಂಗಳೂರಿನ ಗೆಳೆಯರು ಪುಣ್ಯವಂತ ಮಾರಾಯ ಅಂತಾರೆ. ಫೋಟೋದಲ್ಲಿ ಉಂಬಳ ಕಾಣೋದಿಲ್ಲ, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದ ವಾಸನೆಯೂ ಬರೋದಿಲ್ಲ.

ಜುಲೈ. ಪುನರ್ವಸು ಮಳೆ ಹಿಡಿದಿತ್ತು. ಆ ವಾರ ನನ್ನ ಆನ್‌ಕಾಲ್ ಸರದಿ. ಆನ್‌ಕಾಲ್ ಅಂದರೆ ಏನು ಅಂತ ಆಯಿಗೆ ಒಮ್ಮೆ ವಿವರಿಸಿದ್ದೆ. ಹೆರಿಗೆ ಮಾಡಿಸೋ ನರ್ಸ್ ಥರವಾ ಅಂತ ಕೇಳಿದ್ದಳು. ಸುಮಾರಾಗಿ ಹೌದು. ಫೋನ್ ತಲೆದಿಂಬಿನ ಪಕ್ಕ ಇರಬೇಕು, ಬಡಿದುಕೊಂಡರೆ ಐದು ನಿಮಿಷದೊಳಗೆ ನಾನಿದ್ದೇನೆ ಅಂತ ಒತ್ತಬೇಕು.

ರಾತ್ರಿ 2:40ಕ್ಕೆ ಬಡಿದುಕೊಂಡಿತು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಮಧ್ಯಾಹ್ನ 2:10, ಜನ ಕೆಲಸ ಮಾಡುವ ಹೊತ್ತು. ಕರೆಂಟು ಸಂಜೆಯೇ ಹೋಗಿತ್ತು, ಇನ್ವರ್ಟರ್ ಮೇಲೆ ರೌಟರ್ ಒಂದೇ ನಡೆಯುತ್ತಿತ್ತು. ಹಂಚಿನ ಮೇಲೆ ಮಳೆ ಹೊಡೆಯೋ ಸದ್ದಿಗೆ ಕಾಲ್‌ನಲ್ಲಿ ಆ ಕಡೆಯವರು ಹೇಳಿದ್ದು ಅರ್ಧ ಕೇಳಲಿಲ್ಲ. ಒಬ್ಬರು ನಿಮ್ಮ ಹಿಂದೆ ಏನದು ಸದ್ದು ಅಂತ ಕೇಳಿದರು. ಮಳೆ ಅಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಲಾಗ್, ಅಂದರೆ ಸರ್ವಿಸ್ ತಾನೇ ಬರೆದಿಡುವ ದಿನಚರಿ, ನೋಡಿದರೆ ಸಮಸ್ಯೆ ಕಣ್ಣಿಗೆ ಹೊಡೆಯುವ ಹಾಗಿತ್ತು. ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಂತ ಸಾಲು ಸಾಲು. ಎರಡು ಸರ್ವಿಸ್‌ಗಳು ಮಾತಾಡುವ ಮೊದಲು ಒಂದಕ್ಕೊಂದು ಗುರುತಿನ ಚೀಟಿ ತೋರಿಸುತ್ತವೆ, ಅದರ ಮೇಲೆ ತಾರೀಖು ಇರುತ್ತದೆ, ದಾಟಿದರೆ ಮಾತು ಬಂದ್. ನಮ್ಮಲ್ಲಿ ಆ ಚೀಟಿಗೆ 90 ದಿನ ಆಯುಷ್ಯ, ಮುಗಿಯೋ ಮೊದಲೇ ಹೊಸದು ತಾನಾಗಿ ಬಂದು ಕೂರುತ್ತದೆ. ಬಂದಿಲ್ಲವೇನೋ ಅಂತ ಫೈಲ್ ತೆರೆದು ನೋಡಿದೆ. ಬಂದಿದೆ. ಸೆಪ್ಟೆಂಬರ್‌ವರೆಗೆ ಚಾಲ್ತಿ. ಡ್ಯಾಶ್‌ಬೋರ್ಡ್ ನೋಡಿದೆ, ಅಲ್ಲೂ ಹಸಿರು. ಚೀಟಿ ಸರಿ ಇದೆ ಅಂತ ಫೈಲ್ ಹೇಳುತ್ತಿದೆ, ಅವಧಿ ಮುಗಿದಿದೆ ಅಂತ ಲಾಗ್ ಹೇಳುತ್ತಿದೆ. ಇಪ್ಪತ್ತು ನಿಮಿಷ ಇದೇ ಎರಡನ್ನು ಹಿಂದೆ ಮುಂದೆ ನೋಡುತ್ತಾ ಕೂತೆ. ಆ ಇಪ್ಪತ್ತು ನಿಮಿಷ ನನ್ನ ತಲೆಯಲ್ಲಿ ಬುದ್ಧಿ ಅನ್ನೋದೇ ಇರಲಿಲ್ಲ. ಗಡಿಯಾರ ಕೆಟ್ಟಿದೆಯೇನೋ ಅಂತ ಸರ್ವರಿನ ಟೈಮ್ ಕೂಡ ನೋಡಿದೆ.

ಕೊನೆಗೆ ಸುಮ್ನೆ ಕೈ ಹೋಗಿ, ಈ ಪ್ರೋಗ್ರಾಮ್ ಯಾವಾಗ ಶುರುವಾಗಿದ್ದು ಅಂತ ನೋಡಿದೆ. ಏಪ್ರಿಲ್.

ಆಗ ಹೊಳೆಯಿತು. ಈ ಸರ್ವಿಸ್ ಚೀಟಿಯನ್ನು ಓದುವುದು ಶುರುವಾಗುವಾಗ ಒಂದೇ ಸಲ. ಆಮೇಲೆ ಅದನ್ನು ತಲೆಯಲ್ಲೇ ಇಟ್ಟುಕೊಂಡಿರುತ್ತದೆ. ಡಿಸ್ಕಿನಲ್ಲಿ ಹೊಸ ಚೀಟಿ ಬಂದು ಕೂತರೂ ಅದಕ್ಕೆ ಗೊತ್ತೇ ಆಗೋದಿಲ್ಲ. ನಮ್ಮ ಡ್ಯಾಶ್‌ಬೋರ್ಡ್ ನೋಡುತ್ತಿದ್ದದ್ದೂ ಡಿಸ್ಕಿನ ಚೀಟಿಯನ್ನೇ. ಹೊಸ ಕೋಡ್ ಹೋದಾಗಲೆಲ್ಲ ಸರ್ವಿಸ್ ಮತ್ತೆ ಶುರುವಾಗುತ್ತದೆ, ಆಗ ಹೊಸ ಚೀಟಿ ಓದಿಕೊಳ್ಳುತ್ತದೆ, ಹಾಗಾಗಿ ಉಳಿದ ಸರ್ವಿಸ್‌ಗಳಲ್ಲಿ ಇದು ಯಾರಿಗೂ ಗೊತ್ತಾಗಿದ್ದೇ ಇಲ್ಲ. ಈ ಹಳೇದಕ್ಕೆ ಹೊಸ ಕೋಡ್ ಹೋಗೋದೇ ಅಪರೂಪ. ಇದನ್ನು ಮತ್ತೆ ಶುರು ಮಾಡುತ್ತಿದ್ದದ್ದು ಒಂದೇ ಒಂದು. ರವಿವಾರದ ಆ ಸಾಲು.

ಒಂದು ಮಶಿನ್ ರೀಸ್ಟಾರ್ಟ್ ಮಾಡಿದೆ, ಸರಿಯಾಯಿತು. ಎಲ್ಲ ಒಟ್ಟಿಗೆ ಮಾಡಿದರೆ ಕಾಯುತ್ತಾ ನಿಂತ ಬೇಡಿಕೆಯೆಲ್ಲ ಒಮ್ಮೆಲೇ ನುಗ್ಗಿ ಮತ್ತೆ ಬೀಳುತ್ತದೆ, ಅದಕ್ಕೆ ಒಂದೊಂದಾಗಿ ಮಾಡಿದೆ. ಒಟ್ಟು 51 ನಿಮಿಷ. 99.99 ಪರ್ಸೆಂಟ್ ಹೊತ್ತು ನಡೆದಿರುತ್ತೇವೆ ಅಂತ ನಾವು ಮಾತು ಕೊಟ್ಟಿದ್ದೆವು, ಲೆಕ್ಕ ಹಾಕಿದರೆ ಇಡೀ ವರ್ಷಕ್ಕೆ ಬೀಳಲು ಇರೋ ಅವಕಾಶ ಸುಮಾರು 52 ನಿಮಿಷ. ವರ್ಷದ ಪಡಿಯನ್ನು ಒಂದೇ ರಾತ್ರಿಗೆ ಉಂಡೆ.

ಕೆಳಗಿಳಿದು ಬಂದಾಗ ಅಪ್ಪ ಎದ್ದು ಜಗಲಿಯಲ್ಲಿ ಕೂತಿದ್ದ. ನಾಲ್ಕು ಗಂಟೆ ಆಗುತ್ತಾ ಬಂದಿತ್ತು. ಮಳೆ ಜಾಸ್ತಿ ಆದರೆ ಅವನಿಗೆ ನಿದ್ದೆ ಬರೋದಿಲ್ಲ, ಹಳ್ಳದ ನೀರು ತೋಟಕ್ಕೆ ಬಂತಾ ಅಂತ ಬ್ಯಾಟರಿ ಹಿಡಿದು ಹೋಗಿ ನೋಡಿ ಬರುತ್ತಾನೆ.

"ಎಂತ ಆತು?" ಅಂದ.

"ಎಂತೂ ಆಜಿಲ್ಲೆ," ಅಂದೆ.

ಏನೂ ಆಗಿಲ್ಲ ಅಂತ. ನಾನು ಕೇಳಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ.

ಬೆಳಿಗ್ಗೆ ಆ ಸಾಲು ತೆಗೆದವರು ಯಾರು ಅಂತ ದಾಖಲೆಗೆ ಹುಡುಕಬೇಕಿತ್ತು. ನನಗೆ ಗೊತ್ತಿತ್ತು, ಆದರೂ. ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್‌ನಲ್ಲಿ ಬ್ಲೇಮ್ ಅಂತ ಒಂದು ಕಮಾಂಡ್ ಇದೆ, ಯಾವ ಸಾಲನ್ನು ಯಾರು ಬರೆದರು ಅಂತ ತೋರಿಸುತ್ತದೆ. ತಮಾಷೆ ಅಂದರೆ ಅದು ಇರುವ ಸಾಲಿನ ತಪ್ಪನ್ನಷ್ಟೇ ಹೊರಿಸುತ್ತದೆ. ಅಳಿಸಿದ ಸಾಲಿಗೆ ಬ್ಲೇಮ್ ಇಲ್ಲ. ಇಲ್ಲದ್ದನ್ನು ಯಾರು ಇಲ್ಲದಂತೆ ಮಾಡಿದರು ಅಂತ ತಿಳಿಯಲು ಹಳೇ ಲಾಗನ್ನು ಬೇರೆಯೇ ರೀತಿ ಕೆದಕಬೇಕು. ಕೆದಕಿದೆ. ನನ್ನ ಹೆಸರು, ನನ್ನ ಫೋಟೋ, ಪಕ್ಕದಲ್ಲಿ ಪೊರಕೆ.

ಪೋಸ್ಟ್‌ಮಾರ್ಟಮ್ ಬರೆದೆ. ಯಾರನ್ನೂ ದೂರದೆ, ವ್ಯವಸ್ಥೆಯಲ್ಲಿ ಏನು ತಪ್ಪಾಯಿತು ಅಂತ ಬರೆಯೋದು ಈಗಿನ ದೊಡ್ಡ ಕಂಪನಿಗಳಲ್ಲಿ ರೂಢಿ, ಮತ್ತು ಒಳ್ಳೇ ರೂಢಿ. ಹಾಗಾಗಿ "ಏಪ್ರಿಲ್‌ನಲ್ಲಿ ಒಂದು ಸಾಲನ್ನು ತೆಗೆಯಲಾಗಿತ್ತು" ಅಂತ ಬರೆಯಬಹುದಿತ್ತು. ತೆಗೆದದ್ದು ನಾನೇ ಅಂತ ಸೇರಿಸಿದೆ. ಓದಿದವರು ಪ್ರಾಮಾಣಿಕತೆಗೆ ಮೆಚ್ಚುಗೆ ಹಾಕಿದರು. ನಡುರಾತ್ರಿ, ಕರೆಂಟಿಲ್ಲದ ಹಳ್ಳಿಯಲ್ಲಿ ಕೂತು, ಅಷ್ಟು ಸೂಕ್ಷ್ಮದ ಕಾರಣ ಹಿಡಿದೆ ಅಂತ ಮೇಲಿನ ಮೇಲಿನವರೊಬ್ಬರು ಎಲ್ಲರಿಗೂ ಮೇಲ್ ಕಳಿಸಿದರು. ಅಕ್ಟೋಬರ್‌ನಲ್ಲಿ ನನ್ನ ವರ್ಷದ ಕೆಲಸದ ರಿವ್ಯೂ ಬಂದಾಗ ಅದು "ಇನ್ಸಿಡೆಂಟ್ ಲೀಡರ್‌ಶಿಪ್" ಅನ್ನೋ ತಲೆಬರಹದ ಕೆಳಗೆ ಕೂತಿತ್ತು. ಆ ವರ್ಷ ನನಗೆ ಒಳ್ಳೇ ರೇಟಿಂಗ್ ಬಂತು, ಬೋನಸ್ಸೂ ಬಂತು.

ಮನೆಗೆ ನಾನೇ ಬೆಂಕಿ ಹಚ್ಚಿ ನಾನೇ ನೀರು ಹಾಕಿದ್ದಕ್ಕೆ ಶಾಲು ಹೊದಿಸಿದ ಹಾಗಾಯಿತು. ಶಾಲನ್ನು ಬೇಡ ಅಂದೆ ಅಂತ ಬರೆದುಕೊಳ್ಳುವ ಆಸೆ ಇದೆ. ಆದರೆ ಬೇಡ ಅನ್ನಲಿಲ್ಲ. ಬೋನಸ್ಸಿನಲ್ಲಿ ಮನೆಯ ಹಂಚು ಬದಲಾಯಿಸಿದೆವು.

ಸಮಾಧಾನಕ್ಕೆ ಹುಡುಕಿದರೆ ದೊಡ್ಡ ದೊಡ್ಡವರೂ ಇದೇ ಹೊಂಡಕ್ಕೆ ಬಿದ್ದಿದ್ದಾರೆ. 2020ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಟೀಮ್ಸ್ ಕೆಲವು ಗಂಟೆ ನಿಂತಿದ್ದು ಅವಧಿ ಮುಗಿದ ಸರ್ಟಿಫಿಕೇಟಿನಿಂದ. 2018ರ ಡಿಸೆಂಬರ್‌ನಲ್ಲಿ ಎರಿಕ್ಸನ್ ಸಾಫ್ಟ್‌ವೇರಿನ ಒಂದು ಸರ್ಟಿಫಿಕೇಟ್ ಮುಗಿದು ಬ್ರಿಟನ್ನಿನ ಓ2 (O2) ಮೊಬೈಲ್ ಕಂಪನಿಯ ಕೋಟ್ಯಂತರ ಜನರ ಮೊಬೈಲ್ ಡೇಟಾ ಹೋಯಿತು. ಈಗ ಹೊರಜಗತ್ತಿನ ವೆಬ್‌ಸೈಟುಗಳ ಸರ್ಟಿಫಿಕೇಟ್ ಆಯುಷ್ಯವನ್ನು ಹಂತ ಹಂತವಾಗಿ 2029ರ ಹೊತ್ತಿಗೆ 47 ದಿನಕ್ಕೆ ಇಳಿಸುತ್ತಾರಂತೆ. ಕೈಯಲ್ಲಿ ಬದಲಾಯಿಸೋದು ಆಗದ ಹಾಗೆ ಮಾಡಿದರೆ ಎಲ್ಲರೂ ಯಂತ್ರಕ್ಕೇ ಒಪ್ಪಿಸುತ್ತಾರೆ ಅನ್ನೋದು ಅದರ ಹಿಂದಿನ ಒಂದು ಲೆಕ್ಕ. ಒಳ್ಳೇದೇ. ನಮ್ಮಲ್ಲಿ ಯಂತ್ರ ತನ್ನ ಕೆಲಸ ಸರಿಯಾಗೇ ಮಾಡಿತ್ತು ಅನ್ನೋದು ಬೇರೆ ಮಾತು.

ನನ್ನನ್ನು ಕಾಡಿದ್ದು ರೇಟಿಂಗ್ ಅಲ್ಲ, ಪಕ್ಕದ ಸೀಟು. ನಮ್ಮ ತಂಡದಲ್ಲಿ ಹುಬ್ಬಳ್ಳಿ ಕಡೆಯವರೊಬ್ಬರಿದ್ದಾರೆ. ಸೋಮವಾರ ಬೆಳಿಗ್ಗೆ ಬಂದವರೇ ಹಿಂದಿನ ವಾರದ ಸಣ್ಣ ಪುಟ್ಟ ಅಲರ್ಟುಗಳನ್ನೆಲ್ಲ ಒಂದೊಂದಾಗಿ ಓದುತ್ತಾರೆ. ಬಡಿದುಕೊಂಡು ತಾನೇ ಸುಮ್ಮನಾದಂಥವು, ಸರಿಯಾಯ್ತಲ್ಲ ಬಿಡು ಅಂತ ನಾವೆಲ್ಲ ಬಿಟ್ಟಂಥವು. ಡಿಸ್ಕ್ 70 ಪರ್ಸೆಂಟ್ ತುಂಬಿದರೆ ಅವರು ಆಗಲೇ ಹೋಗಿ ಏನು ತುಂಬುತ್ತಿದೆ ಅಂತ ನೋಡುತ್ತಾರೆ, ನಾವು 95 ಆದ ಮೇಲೆ ರಾತ್ರಿ ಎದ್ದು ನೋಡುತ್ತೇವೆ. ಅವರ ಆನ್‌ಕಾಲ್ ವಾರದಲ್ಲಿ ಫೋನ್ ಬಡಿದುಕೊಳ್ಳೋದೇ ಇಲ್ಲ. ಅದಕ್ಕೆ ತಂಡದಲ್ಲಿ ಒಂದು ಜೋಕು, ನಿಮ್ಮ ನಸೀಬು ಚಲೋ ಐತಿ ಬಿಡ್ರಿ ಅಂತ. ಅವರೂ ನಗುತ್ತಾರೆ. ಆ ವರ್ಷ ಅವರಿಗೆ ಬಂದ ರೇಟಿಂಗ್ ಸಾಧಾರಣ. ಮ್ಯಾನೇಜರ್ ಕೆಟ್ಟವರೇನಲ್ಲ. ಇಂಪ್ಯಾಕ್ಟ್ ಅನ್ನೋ ಕಾಲಂನಲ್ಲಿ ಏನು ಬರೆಯಲಿ ಹೇಳಿ ಅಂತ ಅವರು ಕೇಳಿದರಂತೆ, ಇವರಿಗೆ ಏನೂ ಹೊಳೆಯಲಿಲ್ಲವಂತೆ.

ಹೊಳೆಯೋದಾದರೂ ಹೇಗೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಸುಮಾರು ಆರು ಗಂಟೆ ನಿಂತದ್ದು ಎಲ್ಲರಿಗೂ ನೆನಪಿದೆ. ಅಕ್ಟೋಬರ್ 3ರಂದು ಅದು ಚೆನ್ನಾಗಿ ನಡೆದಿತ್ತು ಅಂತ ಯಾರಿಗೆ ನೆನಪಿದೆ?

ತೋಟದಲ್ಲೂ ಇದೇ ಕತೆ. ಕೊಳೆ ಬಂದ ವರ್ಷಗಳನ್ನು ಅಪ್ಪ ಜಾತಕದ ಹಾಗೆ ಹೇಳುತ್ತಾನೆ. ಆ ವರ್ಷ ತಂಗಿಯ ಮದುವೆ, ಈ ವರ್ಷ ಅಜ್ಜಿ ಹೋದದ್ದು, ಎಳೆ ಅಡಿಕೆ ಕೊನೆಯಲ್ಲೇ, ಅಂದರೆ ಗೊಂಚಲಿನಲ್ಲೇ, ಕೊಳೆತು ತೋಟದ ತುಂಬ ಹಾಸಿಗೆ ಹಾಸಿದ ಹಾಗೆ ಉದುರಿದ್ದು. ಕೊಳೆ ಬರದ ವರ್ಷಗಳು ಅವನ ಲೆಕ್ಕದಲ್ಲೂ ಇಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು. ಜೂನ್‌ನಿಂದ ಸತತ ಮಳೆ, ಬಿಸಿಲೇ ಇಲ್ಲದ ತಂಪು, ಆಗ ಅಡಿಕೆಗೆ ಒಂದು ಥರದ ಬೂಷ್ಟು ಹತ್ತುತ್ತದೆ. ಒಂದು ಮರಕ್ಕೆ ಬಂದರೆ ಗಾಳಿ ಮಳೆಗೆ ಪಕ್ಕದ ಮರಕ್ಕೆ. ಬಂದ ಮೇಲೆ ಮಾಡುವುದು ಹೆಚ್ಚೇನೂ ಇಲ್ಲ, ಬರುವ ಮೊದಲೇ ಮದ್ದು ಹೊಡೆಯಬೇಕು. ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ಸಲ, 40–45 ದಿನ ಬಿಟ್ಟು ಇನ್ನೊಂದು ಸಲ, ಮಳೆ ಬಿಡದೇ ಹೋದರೆ ಮೂರನೇದು. ಆ ಮದ್ದು ಬೋರ್ಡೋ ದ್ರಾವಣ. ಹತ್ತೊಂಬತ್ತನೇ ಶತಮಾನದ ಕೊನೆಗೆ ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿಗೆ ಕಂಡುಕೊಂಡದ್ದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗದ ಮೇಲೆ ಕೂತು ಕೆಲಸ ಮಾಡಿದರು, ಅಡಿಕೆಗೆ ಈ ಮದ್ದು ಆಗುತ್ತದೆ ಅಂತ ತೋರಿಸಿದರು. ಅದಕ್ಕೂ ಮೊದಲು ಅಡಿಕೆ ಕೊನೆಗೆ ಕೊಟ್ಟೆ, ಅಂದರೆ ಚೀಲದಂಥ ಹೊದಿಕೆ, ಕಟ್ಟಿ ಮಳೆಯಿಂದ ಕಾಯುತ್ತಿದ್ದರು, ಈಗಲೂ ಕೆಲವರು ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರೆ. ಇಂಗ್ಲಿಷ್ ಪುಸ್ತಕಗಳಲ್ಲೂ ಆ ರೋಗದ ಹೆಸರು ಕೊಳೆರೋಗ ಅಂತಲೇ ಇದೆ.

ಮಾಡುವುದು ಸುಲಭ, ಕೆಡಿಸೋದು ಇನ್ನೂ ಸುಲಭ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಐವತ್ತು ಲೀಟರಿನಲ್ಲಿ ಕರಗಿಸಬೇಕು. ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ಕೋಲಿನಲ್ಲಿ ತಿರುಗಿಸಬೇಕು. ಆಕಾಶದ ಬಣ್ಣ ಬರುತ್ತದೆ, ಶಿರಸಿಯಲ್ಲಿ ಜುಲೈ ತಿಂಗಳು ಆಕಾಶದಲ್ಲಿ ಕಾಣದ ಬಣ್ಣ. ಅಂಟಿಕೊಳ್ಳಲಿ ಅಂತ ರಾಳ. ಅವತ್ತು ಮಾಡಿದ್ದು ಅವತ್ತೇ ಖರ್ಚಾಗಬೇಕು.

ಎಲ್ಲ ಆದ ಮೇಲೆ ಅಪ್ಪ ಕತ್ತಿ ಅದ್ದುತ್ತಾನೆ. ಹೊಳೆಯೋ ಹಾಗೆ ಉಜ್ಜಿದ ಕಬ್ಬಿಣದ ಕತ್ತಿ. ಡ್ರಮ್ಮಿನಲ್ಲಿ ಸ್ವಲ್ಪ ಹೊತ್ತು ಹಿಡಿದು ಎತ್ತಿ, ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಾನೆ. ಕತ್ತಿಯ ಮೇಲೆ ಕೆಂಪು ಕಂಡರೆ ಮೈಲುತುತ್ತದ ತಾಮ್ರ ಇನ್ನೂ ಸುಣ್ಣದ ಜತೆ ಸೇರದೆ ಉಳಿದಿದೆ ಅಂತ ಅರ್ಥ. ಹಾಗೇ ಹೊಡೆದರೆ ಎಳೆ ಅಡಿಕೆ ಸುಟ್ಟು ಹೋಗುತ್ತದೆ. ಕೆಂಪಿದ್ದರೆ ಸುಣ್ಣದ ನೀರು ಸೇರಿಸಬೇಕು. ನನಗೆ ಬುದ್ಧಿ ಬಂದಾಗಿನಿಂದ ನೋಡುತ್ತಿದ್ದೇನೆ, ಆ ಕತ್ತಿ ಕೆಂಪಾಗಿದ್ದು ನಾನಂತೂ ಕಂಡಿಲ್ಲ. ಒಂದು ಸಲ ಕೇಳಿಯೇ ಬಿಟ್ಟೆ. ಅಳತೆ ಅದೇ, ತೂಕ ಅದೇ, ನಲವತ್ತು ವರ್ಷದಿಂದ ಮಾಡುತ್ತಿದ್ದೀಯ, ಪ್ರತಿ ಡ್ರಮ್ಮಿಗೂ ಇದು ಯಾಕೆ?

ಬಾಯಲ್ಲಿ ಕವಳ ಇತ್ತು. ಉಗಿದು ಬಂದು ಹೇಳಿದ, "ಸುಣ್ಣ ಪ್ರತಿ ಸಲ ಒಂದೇ ನಮೂನೆ ಇರ್ತಿಲ್ಲೆ ತಮಾ."

ಅಷ್ಟೇ. ಚೀಲ ಬದಲಾಗುತ್ತದೆ, ತಂದ ಅಂಗಡಿ ಬದಲಾಗುತ್ತದೆ, ಇಟ್ಟಲ್ಲೇ ಗಾಳಿ ಹೊಡೆದು ಸತ್ತಿರುತ್ತದೆ. ನಾನು ಬದಲಾಗಿಲ್ಲ ಅಂತ ಜಗತ್ತು ಬದಲಾಗಿಲ್ಲ ಅಂತಲ್ಲ. ನನ್ನ ಹಳೇ ಸರ್ವಿಸ್ಸಿಗೂ ಆದದ್ದು ಇದೇ. ಅದರ ಕೋಡ್ ಒಂದಕ್ಷರ ಬದಲಾಗಿರಲಿಲ್ಲ, ಸುತ್ತಲಿನ ತಾರೀಖು ಬದಲಾಯಿತು.

ಇಲ್ಲಿಗೆ ಬಂದಾಗ, ನೋಡಿ ರೈತನ ಜ್ಞಾನ ಅಂತ ಅಪ್ಪನನ್ನು ಪೀಠದ ಮೇಲೆ ಕೂರಿಸುವ ಆಸೆ ಆಗುತ್ತದೆ. ಅವನು ಕೂರುವ ಜಾತಿಯಲ್ಲ. ಕತ್ತಿ ಬಿಡದೆ ಅದ್ದುವ ಇದೇ ಮನುಷ್ಯ ಬಿಪಿ ಮಾತ್ರೆಯನ್ನು ನೆನಪಾದಾಗ ತಗೋತಾನೆ. ಈಗ ಬಿಪಿ ಇಲ್ಲವಲ್ಲ ಮತ್ತೆ ಯಾಕೆ ಅಂತಾನೆ. ಮಾತ್ರೆ ತಗೊಂಡಿದ್ದಕ್ಕೇ ಇಲ್ಲ ಅಂದರೆ ಆಯಿಯ ಮುಖ ನೋಡಿ ನಗುತ್ತಾನೆ. ನಾನು ಏಪ್ರಿಲ್‌ನಲ್ಲಿ ಮಾಡಿದ್ದೂ ಇದೇ ವಾದ ತಾನೇ.

ಮದ್ದು ಹೊಡೆದು ಕೊಳೆ ಬರದಿದ್ದರೆ ಊರವರು ಈ ವರ್ಷ ಮಳೆ ಕಡಿಮೆ ಬಿಡು ಅಂತಾರೆ. ಮಳೆ ಜಾಸ್ತಿ ಇದ್ದೂ ಬರದಿದ್ದರೆ, ಮಾರಿಕಾಂಬೆ ಕಾಪಾಡಿದಳು. ಮದ್ದಿನ ಹೆಸರು ಯಾರೂ ಎತ್ತೋದಿಲ್ಲ. ಅಪ್ಪನ ಹತ್ತಿರ ಒಂದೇ ಒಂದು ಸಾಕ್ಷಿ ಇತ್ತು, ಹಳ್ಳದ ಅಂಚಿನ ಎರಡು ಮರ. ಹಳ್ಳದ ಮೇಲೆ ಬಾಗಿ ಬೆಳೆದಿವೆ, ಬುಡದ ಮಣ್ಣು ಅರ್ಧ ಕೊಚ್ಚಿ ಹೋಗಿದೆ. ಹತ್ತಿದರೆ ಮರದ ಜತೆ ಮನುಷ್ಯನೂ ನೀರಿಗೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಅವನ್ನು ಹತ್ತೋದಿಲ್ಲ, ಹತ್ತು ಅಂತ ಅಪ್ಪನೂ ಹೇಳೋದಿಲ್ಲ. ಹಾಗಾಗಿ ಅವೆರಡಕ್ಕೆ ಮದ್ದಿಲ್ಲ. ಮಳೆ ಜೋರಿದ್ದ ವರ್ಷ ಆಗಸ್ಟ್ ಹೊತ್ತಿಗೆ ಅವೆರಡರ ಕಾಯಿ ಪೂರ್ತಿ ಉದುರಿ ಹಳ್ಳದಲ್ಲಿ ತೇಲಿ ಹೋಗುತ್ತದೆ, ಹತ್ತು ಮಾರು ಈಚೆಗಿನ ಮರದಲ್ಲಿ ಕೊನೆ ಹಸಿರಾಗಿ ನಿಂತಿರುತ್ತದೆ. ಮದ್ದು ಹೊಡೆದು ಏನು ಬಂತು ಅಂತ ಯಾರಾದರೂ ಕೇಳಿದರೆ ಅಪ್ಪ ಮಾತಾಡದೆ ಆ ಕಡೆ ಕೈ ತೋರಿಸುತ್ತಿದ್ದ. ನಮ್ಮ ಕಂಪನಿಯಲ್ಲಿ ಹೀಗೆ ಬಿಟ್ಟ ಎರಡು ಮರ ಇಲ್ಲ. ಆ ಹುಬ್ಬಳ್ಳಿಯವರು ಮುಟ್ಟದೇ ಬಿಟ್ಟ ಒಂದು ಸರ್ವಿಸ್ ಇದ್ದಿದ್ದರೆ ಅವರ ಕಾಲಂ ತುಂಬುತ್ತಿತ್ತೇನೋ.

ಏನೂ ಆಗದ್ದಕ್ಕೆ ಮರ್ಯಾದೆ ಸಿಕ್ಕ ಒಂದು ಉದಾಹರಣೆ ನಮ್ಮ ಜಿಲ್ಲೆಯಲ್ಲೇ ಇದೆ. ಘಟ್ಟದ ಕೆಳಗೆ, ಕಾರವಾರ ತಾಲೂಕಿನ ಕೈಗಾ. ಅಲ್ಲಿನ ಅಣು ವಿದ್ಯುತ್ ಸ್ಥಾವರದ 1ನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಒಂದೇ ಸಮನೆ 962 ದಿನ ನಡೆಯಿತು. ಆಗ ಅದು ಜಗತ್ತಿನ ದಾಖಲೆ. ಹಿಂದಿನ ದಾಖಲೆ ಬ್ರಿಟನ್ನಿನ ಹೀಶಮ್ ಸ್ಥಾವರದ 940 ದಿನ. ಅಷ್ಟು ದಿನ ನಡೆಯಲು ಒಂದು ಕಾರಣ ಅಲ್ಲಿನ ರಿಯಾಕ್ಟರಿನ ರಚನೆ. 306 ಅಡ್ಡ ಕೊಳವೆಗಳಲ್ಲಿ ಇಂಧನ ಇರುತ್ತದೆ, ಎರಡೂ ಕಡೆ ಒಂದೊಂದು ಯಂತ್ರ ಬಂದು ಕೂತು, ರಿಯಾಕ್ಟರ್ ನಡೆಯುತ್ತಿರುವಾಗಲೇ ಒಂದೊಂದು ಕೊಳವೆಯ ಇಂಧನ ಬದಲಾಯಿಸುತ್ತದೆ. ಈ ಕಡೆಯಿಂದ ಹೊಸದು ತಳ್ಳಿದರೆ ಆ ಕಡೆಯಿಂದ ಹಳೇದು ಹೊರಗೆ. ಇದನ್ನು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನಾವು ಒಂದು ಚೀಟಿ ಬದಲಾಯಿಸಲು ಸರ್ವಿಸ್ಸನ್ನೇ ನಿಲ್ಲಿಸುತ್ತಿದ್ದೆವು.

ಆದರೆ 962 ದಿನದಲ್ಲಿ ನನಗೆ ಹಿಡಿಸಿದ್ದು ಕೊನೆಯ ದಿನ. ಅದು ಕೆಟ್ಟು ನಿಲ್ಲಲಿಲ್ಲ. ತಪಾಸಣೆ ರಿಪೇರಿ ಮಾಡಬೇಕು ಅಂತ ಅವರೇ ನಿಲ್ಲಿಸಿದರು. ದಾಖಲೆ ಇನ್ನೂ ಬೆಳೆಯುತ್ತಿದ್ದಾಗ ಸ್ವಿಚ್ ಆಫ್ ಮಾಡೋಕೆ ಗಟ್ಟಿ ಮನಸ್ಸು ಬೇಕು, ಅಲ್ವಾ. ನಮ್ಮ ಹಳೇ ಸರ್ವಿಸ್ಸಿಗೆ ಅದು ರವಿವಾರ ರವಿವಾರ ಆಗುತ್ತಿತ್ತು, ಯಾರಿಗೂ ಗೊತ್ತಿಲ್ಲದ ಹಾಗೆ.

ಆ ಸಾಲು ಬರೆದವರನ್ನು ಆಮೇಲೆ ಹುಡುಕಿದೆ. ಈಗ ಬೇರೆ ಕಂಪನಿಯಲ್ಲಿದ್ದಾರೆ. ಉದ್ದದ ಮೆಸೇಜ್ ಹಾಕಿದೆ, ಹೀಗೆ ಹೀಗೆ, ನೀವು ಮುಂದಾಲೋಚನೆಯಿಂದ ಮಾಡಿದ್ದನ್ನು ತಿಳಿಯದೆ ತೆಗೆದೆ, ಕ್ಷಮಿಸಿ ಅಂತ. ಮಾರನೇ ದಿನ ಉತ್ತರ ಬಂತು. "ಅಯ್ಯೋ, ಅದು ಇನ್ನೂ ಇತ್ತಾ? ಎರಡು ವಾರಕ್ಕೆ ಅಂತ ಹಾಕಿದ್ದೆ ಮಾರಾಯ್ರೆ. ಆಮೇಲೆ ಸರಿಯಾಗಿ ಮಾಡೋಣ ಅಂತ ಟಿಕೆಟ್ ಬರೆದಿದ್ದೆ." ಟಿಕೆಟ್, ಅಂದರೆ ಬಾಕಿ ಕೆಲಸವನ್ನು ಬರೆದಿಟ್ಟ ದಾಖಲೆ, ಹುಡುಕಿದೆ. ಇತ್ತು. ಬಹಳ ಕಾಲದಿಂದ ಯಾರೂ ಮುಟ್ಟಿಲ್ಲ ಅಂತ ಸಿಸ್ಟಮ್ಮೇ ಅದನ್ನು ಮುಚ್ಚಿತ್ತು.

ಈ ಮಳೆಗಾಲ ಮತ್ತೆ ಬಂದಿದ್ದೇನೆ. ಎರಡನೇ ಮದ್ದಿಗೆ ದಿನ ಆಗಿತ್ತು, ಮಳೆ ಬಿಡುತ್ತಿರಲಿಲ್ಲ. ಹಸಿ ಎಲೆಯ ಮೇಲೆ ಹೊಡೆದರೆ ತೊಳೆದು ಹೋಗುತ್ತದೆ, ಒಂದು ಹೊಳವು ಬೇಕು. ಬುಧವಾರ ಬೆಳಿಗ್ಗೆ ಎದ್ದರೆ ಅಂಗಳದಲ್ಲಿ ಬಿಸಿಲು. ಎಂಟು ಗಂಟೆಗೆ ಕೊನೆಗೌಡನ ಫೋನು, "ಹೆಗಡೇರೆ, ಬಂದೆ ಹಂಗಾರೆ." ಈಗ ಮರ ಹತ್ತುವವರೇ ಇಲ್ಲ, ಇದ್ದ ಒಬ್ಬ ಗೌಡ ಹತ್ತು ಮನೆಗೆ ಹೋಗಬೇಕು, ಅವನು ಬರುತ್ತೇನೆ ಅಂದಾಗ ನಾಳೆ ಬಾ ಅನ್ನುವ ಹಾಗಿಲ್ಲ. ಪೈಪು ಎಳೆಯೋಕೆ ಜನ ಬೇಕು. ಮತ್ತು ನಾನು ಆನ್‌ಕಾಲ್.

ಹುಬ್ಬಳ್ಳಿಯವರಿಗೆ ಮೆಸೇಜ್ ಹಾಕಿದೆ, ನಾಲ್ಕು ಗಂಟೆ ನನ್ನ ಪಾಳಿ ನೋಡ್ಕೋತೀರಾ ಅಂತ.

"ಯಾಕ್ರೀ, ಏನಾತು?"

"ಏನೂ ಆಗಿಲ್ಲ. ತೋಟಕ್ಕೆ ಔಷಧಿ ಹೊಡೀಬೇಕು, ಆಗಬಾರದು ಅಂತ."

"ಹೋಗ್ರಿ ಹೋಗ್ರಿ. ನಾ ಅದೀನಿ."

ಅಂಗಳದಲ್ಲಿ ಡ್ರಮ್ಮು ಸಿದ್ಧವಾಗಿತ್ತು. ಅಪ್ಪ ಕತ್ತಿ ಅದ್ದಿದ, ಎತ್ತಿದ, ತಿರುಗಿಸಿ ನೋಡಿದ. ಏನೂ ಇರಲಿಲ್ಲ. ಪಂಚೆಗೆ ಒರೆಸಿ ಮಾಡಿಗೆ ಸಿಕ್ಕಿಸಿದ.

ಗೌಡನ ಜತೆ ಈ ಸಲ ಅವನ ಮಗನೂ ಬಂದಿದ್ದ, ಉದ್ದದ ಕಾರ್ಬನ್ ಫೈಬರ್ ದೋಟಿ ಹೊತ್ತುಕೊಂಡು. ನೆಲದ ಮೇಲೇ ನಿಂತು, ದೋಟಿಯ ತುದಿಯ ನಾಝಲ್‌ನಿಂದ ಕೊನೆಗೆ ಹೊಡೆಯುತ್ತಾನೆ. ಗೌಡನಿಗೆ ಅದು ಅಷ್ಟು ಹಿಡಿಸಿಲ್ಲ. ಕೊನೆಯ ಹಿಂದಿನ ಮಗ್ಗುಲು ಕಾಣೋದಿಲ್ಲ ಅಂತ ಗೊಣಗುತ್ತಾ, ಕಾಲಿಗೆ ಹಗ್ಗದ ಬಳೆ ಹಾಕಿಕೊಂಡು ತಾನು ಮರ ಹತ್ತಿ ಮರದಿಂದ ಮರಕ್ಕೆ ದಾಟುತ್ತಿದ್ದ. ನಾನು ಕೆಳಗೆ ಪೈಪು ಎಳೆಯುತ್ತಾ, ತಲೆಯ ಮೇಲೆ ನೀಲಿ ಹನಿ ಬೀಳಿಸಿಕೊಳ್ಳುತ್ತಾ ನಿಂತಿದ್ದೆ. ಜೇಬಿನ ಫೋನನ್ನು ಅಭ್ಯಾಸಬಲದಿಂದ ಹತ್ತು ಸಲ ಮುಟ್ಟಿರಬೇಕು.

ಹಳ್ಳದ ಅಂಚಿಗೆ ಬಂದಾಗ ಹುಡುಗ ದೋಟಿ ಎತ್ತಿ ಆ ಎರಡು ಮರದ ಕಡೆ ನೋಡಿದ. "ಹೆಗಡೇರೆ, ಇದಕ್ಕೂ ಸಿಗ್ತದೆ. ಹೊಡೀಲಾ?"

ನಾನು ಅಪ್ಪನ ಮುಖ ನೋಡಿದೆ. ಬೇಡ ಅಂತಾನೇನೋ ಅಂತ ಅನ್ನಿಸಿತ್ತು. ಅಪ್ಪ ಮರವನ್ನೂ ನೋಡಲಿಲ್ಲ, ಡ್ರಮ್ಮಿನಲ್ಲಿ ಮದ್ದು ಎಷ್ಟು ಉಳಿದಿದೆ ಅಂತ ಬಗ್ಗಿ ನೋಡಿದ.

"ಹೊಡಿ ಹೊಡಿ," ಅಂದ. "ಉಳ್ದದ್ದು ನಾಳಿಗೆ ಆಗ್ತಿಲ್ಲೆ."